ಹಾಜರಿ: ರಿಟೈರ್ ಆದವರು, ಆಗದವರು, ಆಗೋಕೆ ಒಪ್ಪದವರು

ಮಾನಿಟರ್:
ನಮ್ಮ ವಸತಿ ಶಾಲೆಯ ಕ್ಲಾಸಿನವರೆಲ್ಲ ಕೇಳಿ, ನೇರ ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ನಾನೂ ರಿಟೈರ್ ಆದೆ. ಭಾಷಣ ಎಲ್ಲ ಮುಗಿದು ಮನೇಲಿ ಕೂತ ಮೇಲೆ ಗೊತ್ತಾಯ್ತು, ಬೆಲ್ ಇಲ್ಲದೆ ಬದುಕೋಕೆ ನನಗೆ ಬರೋದೇ ಇಲ್ಲ ಅಂತ. ಹಾಸ್ಟೆಲ್‌ನಲ್ಲಿ ಏಳೋಕೊಂದು ಬೆಲ್, ಓದೋಕೊಂದು ಬೆಲ್, ದೀಪ ಆರಿಸೋಕೊಂದು ಬೆಲ್. ಅಲ್ಲಿಂದ ಸೀದಾ ನೌಕರಿ. ಬೆಳಗ್ಗೆ ಹನ್ನೊಂದು ಗಂಟೆ ಇಷ್ಟು ಉದ್ದ ಇರುತ್ತೆ ಅಂತ ಈಗಲೇ ನೋಡ್ತಾ ಇರೋದು.

ಅದಕ್ಕೇ ಹಾಜರಿ ತಗೋತಾ ಇದ್ದೀನಿ. ಕೆಲಸ ಬಿಟ್ಟವರು ಯಾರು, ಇನ್ನೂ ದುಡೀತಿರೋರು ಯಾರು, ಮನೇಲಿ ಹೇಗಿದ್ದಾರೆ, ಎಲ್ಲೆಲ್ಲಿ ತಿರುಗಿದಿರಿ, ಎಲ್ಲ ಬರೀರಿ. ಹೂವಿನ ಚಿತ್ರದ ಮೇಲೆ ಸುಭಾಷಿತ ಹಾಕಿ ಕಳಿಸಿದವರಿಗೆ ಗೈರುಹಾಜರಿ.

ಇನ್ನೊಂದು ಪ್ರಶ್ನೆ. ಮೊಮ್ಮಗನಿಗೆ ಒಂಬತ್ತು. ವಸತಿ ಶಾಲೆಗೆ ಸೇರಿಸ್ಲಾ ಅಂತ ಮಗಳು ಕೇಳ್ತಿದ್ದಾಳೆ. "ನೀನೇ ಓದಿದವನು, ನೀನೇ ಹೇಳು" ಅಂತಾಳೆ. ಏನು ಹೇಳಲಿ?

ಗಂಟೆ:
ಹಾಜರ್. ಆ ಬೆಲ್ ಬಾರಿಸ್ತಾ ಇದ್ದವ ನಾನೇ ಅಲ್ವಾ, ನಿನ್ನ ಕಷ್ಟದಲ್ಲಿ ಅರ್ಧ ಪಾಲು ನನ್ನದೂ ಉಂಟು ಮಾರಾಯ. ನಾನಿನ್ನೂ ಕೋರ್ಟಿಗೆ ಹೋಗ್ತಾ ಇದ್ದೇನೆ. ವಕೀಲರಿಗೆ ರಿಟೈರ್‌ಮೆಂಟ್ ಅಂತ ಇಲ್ಲ, ಕಕ್ಷಿದಾರರು ಬರುವುದು ನಿಂತರೆ ಅದೇ ರಿಟೈರ್‌ಮೆಂಟ್. ಹೊಸ ಕೇಸು ತಗೊಳ್ಳುವುದಿಲ್ಲ, ಹಳೆಯದು ಮುಗಿಸುವುದು ಮಾತ್ರ. ಮಗ, ಸೊಸೆ ಇಬ್ಬರದ್ದೂ ಇದೇ ಕಸುಬು. ಮನೆಯಲ್ಲಿ ನಾನು ಬಾಯಿ ಬಿಟ್ಟರೆ ಪಾಟೀಸವಾಲು, ಸುಮ್ಮನೆ ಕೂತರೆ ಒಪ್ಪಿಗೆ ಅಂತ ದಾಖಲು.

ತಿರುಗಾಟ ಅಂದ್ರೆ, ಒಮ್ಮೆ ಮಾಸ್ಕೋದಿಂದ ರಷ್ಯಾದ ಪೂರ್ವ ತುದಿಯ ವ್ಲಾಡಿವೊಸ್ಟಾಕ್‌ವರೆಗೆ ರೈಲಲ್ಲಿ ಹೋಗಿದ್ದೆ. 9,289 ಕಿಲೋಮೀಟರ್. ನಾನು ಹೋದ ಕಾಲಕ್ಕೆ ದಾರಿಯುದ್ದಕ್ಕೂ ವೇಳಾಪಟ್ಟಿ, ಟಿಕೆಟ್, ಸ್ಟೇಷನ್ ಗಡಿಯಾರ ಎಲ್ಲ ಮಾಸ್ಕೋ ಸಮಯದಲ್ಲೇ. ಪೂರ್ವಕ್ಕೆ ಹೋದ ಹಾಗೆ ಸೂರ್ಯ ಒಂದು ಹೇಳ್ತಾನೆ, ಗಡಿಯಾರ ಇನ್ನೊಂದು ಹೇಳ್ತದೆ. ಕೊನೆಯ ಸ್ಟೇಷನ್‌ನಲ್ಲಿ 7 ಗಂಟೆ ವ್ಯತ್ಯಾಸ. ಹೊರಗೆ ಕತ್ತಲೆ ಕವಿದಿದೆ, ಗೋಡೆಯ ಮೇಲೆ ಮಧ್ಯಾಹ್ನ! 2018ರಲ್ಲಿ ಅದನ್ನು ಬದಲಾಯಿಸಿ ಸ್ಥಳೀಯ ಸಮಯ ಹಾಕಿದ್ರು. ಅಲ್ಲಿ ಬೆಲ್ ಬಾರಿಸುವ ಕೆಲಸ ಕೊಟ್ಟಿದ್ರೆ ನಾನು ಬೇಗನೇ ಓಡಿ ಬರ್ತಿದ್ದೆ.

ಮುಂದಿನದಕ್ಕೆ ಎಲ್ಲರೂ ಸೇರಿ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗುವ. 5,364 ಮೀಟರ್. ಈಗ ಬಿಟ್ಟರೆ ಮತ್ತೆ ಆಗ್ಲಿಕ್ಕಿಲ್ಲ.

ಮೊಮ್ಮಗನನ್ನು ಕಳಿಸು. ನಾವೆಂತ ಹಾಳಾಗಿ ಹೋಗಿದ್ದೇವಾ?

ಎಂಜಿನ್ ರೂಮ್:
ಹಾಜರ್ ಲೇ. ಹಡಗ ಬಿಟ್ಟು ಭಾಳ ದಿನಾ ಆತು. ಮನಿಗೆ ಬಂದ ಮೊದಲನೇ ತಿಂಗಳು ನಾ ಎಲ್ಲಾ ಕಡೆ ಮೂಗ ತೂರಿಸಾಕ ಹೋದೆ. ಹೆಂಡತಿ ಒಂದ ಮಾತ ಹೇಳಿದ್ಲು: "ಈ ಮನಿಗೆ ಇಷ್ಟ ವರ್ಷ ನಾ ಕ್ಯಾಪ್ಟನ್, ನೀವು ಪ್ಯಾಸೆಂಜರ್." ಅವತ್ತಿಂದ ಸುಮ್ಮನ ಕುಂತೀನಿ.

ಖರೇ ಪ್ಯಾಸೆಂಜರ್ ಆಗಿದ್ದು ಹೋದ ವರ್ಷ, ಪನಾಮಾ ಕಾಲುವ್ಯಾಗ. ನೌಕರಿ ಇದ್ದಾಗ ಎಷ್ಟ ಸಲ ದಾಟೀನೋ ಲೆಕ್ಕಾ ಇಲ್ಲ. ಆದ್ರ ಒಮ್ಮೆನೂ ನೋಡಿದ್ದಿಲ್ಲ! ಹಡಗು ಲಾಕಿನ್ಯಾಗ, ಅಂದ್ರ ನೀರು ತುಂಬಿ ಹಡಗು ಏರಿಸಿ ಇಳಸೋ ಗೇಟಿನ ಕೋಣ್ಯಾಗ, ಹೊಂಟಾಗ ನಾವು ಕೆಳಗ ಎಂಜಿನ್ ಮುಂದ, ಬ್ರಿಜ್‌ನಿಂದ (ಹಡಗು ನಡಸೋ ಮ್ಯಾಲಿನ ಕೋಣಿಂದ) ಯಾವಾಗ ಏನ ಆರ್ಡರ್ ಬರತೈತೋ ಅಂತ ಅದರ ಮ್ಯಾಲೇ ಗ್ಯಾನ. ಈ ಸಲ ಮ್ಯಾಲ ಡೆಕ್ಕಿನ್ಯಾಗ ಕುರ್ಚಿ ಹಾಕ್ಕೊಂಡ ಕುಂತು ನೋಡಿದೆ. ಅಷ್ಟ ದೊಡ್ಡ ಹಡಗನ್ನ 26 ಮೀಟರ್ ಮ್ಯಾಲ ಎತ್ತಿ ಗಾತುನ್ ಕೆರಿಗೆ ಬಿಡತಾರ, ಆ ಕಡೆ ಮತ್ತ ಇಳಸತಾರ. ಎತ್ತಾಕ ಒಂದ ಪಂಪೂ ಇಲ್ಲ. ಕೆರಿ ನೀರು ತಾನ ಇಳದ ಬಂದು ಲಾಕ್ ತುಂಬತೈತಿ, ಅಷ್ಟ. 1914ರಾಗ ಹಂಗ ಮಾಡಿಟ್ಟಾರ, ಇವತ್ತಿಗೂ ಹಂಗ ನಡದೈತಿ. 2016ರಾಗ ಬಾಜೂಕ ದೊಡ್ಡ ಲಾಕ್ ಕಟ್ಟ್ಯಾರ, ಅಲ್ಲಿ ನೀರು ಉಳಸಾಕ ತೊಟ್ಟಿ ಮಾಡ್ಯಾರ. ಯಾಕಂದ್ರ ಹಡಗು ದಾಟಿದಾಗೆಲ್ಲ ಕೆರಿಯ ಸಿಹಿನೀರು ಸಮುದ್ರ ಸೇರತೈತಿ. ಮಳಿ ಕಡಿಮಿ ಆಗಿ 2023ರಾಗ ಕೆರಿ ಇಳದಾಗ ದಿನಕ್ಕ ಬಿಡೋ ಹಡಗಿನ ಸಂಖ್ಯಾನ ಕಡಿಮಿ ಮಾಡಿದ್ರು.

ನಮ್ಮಾಕಿ ಫೋನಿನ್ಯಾಗ ದಿಕ್ಸೂಚಿ ತಗದು "ನಾವು ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೊಂಟೀವಿ ಅಂತೀರಿ, ಇದು ಪೂರ್ವಕ್ಕ ಹೊಂಟೈತಲ್ಲ, ಹಡಗು ವಾಪಸ್ ತಿರುಗೇತಿ" ಅಂದ್ಲು. ಖರೇನ ಐತಿ. ಅಲ್ಲಿ ನೆಲಾ ಸೊಟ್ಟ ಐತಿ, ಪೆಸಿಫಿಕ್ ಕಡೆ ಬಾಗಲಾ ಅಟ್ಲಾಂಟಿಕ್ ಬಾಗಲಕ್ಕಿಂತ ಪೂರ್ವದಾಗ ಐತಿ. ನಾ ಇಷ್ಟ ವರ್ಷ ಕೆಳಗ ಇದ್ದವ, ನನಗೇ ಹೊಳದಿದ್ದಿಲ್ಲ.

ಮಾನಿಟರ್, ಹುಡುಗನ್ನ ಕೇಳಿಯೇನು? ಅವಾ ಏನಂತಾನ?

ಪುಟ್ಟಿ:
ಹಾಜರ್. ಜೀವಮಾನ ಪೂರ್ತಿ ಬೇರೆಯವರನ್ನ ಮಲಗಿಸೋ ಕೆಲಸ ಮಾಡಿದೆ, ಈಗ ನನಗೇ ನಿದ್ದೆ ಬರಲ್ಲ. ಅರಿವಳಿಕೆ ತಜ್ಞೆಗೆ ಇದಕ್ಕಿಂತ ಅವಮಾನ ಇಲ್ಲ. ಕೆಲಸ ಬಿಟ್ಟು ಒಂದು ವರ್ಷ ಆಯ್ತು. ಇಬ್ಬರು ಮಕ್ಕಳೂ ಭೂಮಿಯ ಎರಡು ತುದೀಲಿ ಇದ್ದಾರೆ, ಮೂವರೂ ಒಟ್ಟಿಗೆ ಎಚ್ಚರ ಇರೋ ಗಂಟೆ ಹುಡುಕೋದೇ ಒಂದು ಲೆಕ್ಕ.

ಗಂಟೆ, ನಿನ್ನ ಎವರೆಸ್ಟ್ ಬಗ್ಗೆ. ವಯಸ್ಸಾಯ್ತು ಅಂತ ಬೇಡ ಅನ್ನಲ್ಲ. ಎತ್ತರದ ಕಾಯಿಲೆ ವಯಸ್ಸು ನೋಡಿ ಬರಲ್ಲ, ಇಪ್ಪತ್ತರ ಹುಡುಗ ಓಡಿ ಹತ್ತಿದರೆ ಅವನಿಗೇ ಮೊದಲು ಬರುತ್ತೆ. ಬೇಕಾಗಿರೋದು ನಿಧಾನ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಹತ್ತದೆ ನಿಲ್ಲಬೇಕು. ತಲೆನೋವು, ವಾಕರಿಕೆ ಶುರುವಾದರೆ ಅಲ್ಲೇ ನಿಲ್ಲೋದು, ಹೆಚ್ಚಾದರೆ ಇಳಿಯೋದು. ನಡಿಗೆ ತೂರಾಡಿದರೆ, ಅಥವಾ ಕೂತಾಗಲೂ ಏದುಸಿರು ಬಂದರೆ ರಾತ್ರಿ ಅಂತಲೂ ನೋಡದೆ ಇಳಿಸಬೇಕು. ನಮ್ಮ ವಯಸ್ಸಿನ ನಿಜವಾದ ತೊಂದರೆ ಬೇರೆ: ಹೃದಯ, ಬಿಪಿ, ಮಂಡಿ. ಮೊದಲು ನಿನ್ನ ಡಾಕ್ಟರ್ ಹತ್ರ ಹೋಗಿ ಬಾ, ಆಮೇಲೆ ಬೂಟು ತಗೋ.

ಇನ್ನೊಂದು ಸುದ್ದಿ, ಕಿವಿಗೆ ಮೆಷಿನ್ ಹಾಕಿಸ್ಕೊಂಡಿದ್ದೀನಿ. ಗಂಡ ಮೆಲ್ಲಗೆ ಮಾತಾಡೋಕೆ ಶುರುಮಾಡಿದ್ದಾರೆ ಅಂತ ಅವರ ಮೇಲೇ ಕೋಪ ಬರ್ತಿತ್ತು. ನಗಬೇಡಿ. ನಿಮ್ಮಲ್ಲಿ ಅರ್ಧ ಜನಕ್ಕೆ ಬೇಕಾಗಿರುತ್ತೆ, ಹೇಳಿಕೊಳ್ಳೋದಿಲ್ಲ ಅಷ್ಟೆ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಮರೆವಿನ ಕಾಯಿಲೆಗೆ ಕಾರಣ ಆಗಬಲ್ಲ, ಆದರೆ ನಾವು ಸರಿಪಡಿಸಿಕೊಳ್ಳಬಲ್ಲ 14 ವಿಷಯ ಪಟ್ಟಿ ಮಾಡಿತು. ಕಿವಿ ಕೇಳಿಸದಿರೋದು ಅದರಲ್ಲಿದೆ, ಕಣ್ಣಿನ ದೋಷವೂ ಇದೆ, ಜನರ ಒಡನಾಟ ಇಲ್ಲದಿರೋದೂ ಇದೆ. ಪರೀಕ್ಷೆ ಮಾಡಿಸಿಕೊಳ್ಳಿ.

ಲಂಬು:
ತಡ ಆಯ್ತು, ಈಗ ತಾನೇ ವಾಪಸ್ ಬಂದೆ. ಬ್ಯಾಂಕ್ ಬಿಟ್ಟ ಮೇಲೆ ಮೊದಲ ಕೆಲಸ ಅಂತ ಸ್ಪೇನ್‌ನಲ್ಲಿ ನಡೆದೆ. ಕಾಮಿನೋ ದೆ ಸಾಂಟಿಯಾಗೊ, ಸಾಂಟಿಯಾಗೊ ಊರಿನ ಚರ್ಚಿಗೆ ನಡೆದು ಹೋಗೋ ಹಳೇ ಕ್ರೈಸ್ತ ಯಾತ್ರೆಯ ದಾರಿ. ಪೂರ್ತಿ ದಾರಿ ಫ್ರಾನ್ಸ್ ಕಡೆಯ ಸೇಂಟ್ ಜಾನ್ ಪಿಯೆ ದೆ ಪೋರ್‌ನಿಂದ ಸುಮಾರು 780 ಕಿ.ಮೀ. ಇದೆ. ನಾನು ಅಷ್ಟು ನಡೆದಿಲ್ಲ, ಕೊನೇ ಭಾಗ ಮಾತ್ರ. ನಡೆದೇ ಬಂದೆ ಅಂತ ಪ್ರಮಾಣಪತ್ರ ಬೇಕಿದ್ದರೆ ಕನಿಷ್ಠ 100 ಕಿ.ಮೀ. ಆಗಬೇಕು. ಕೈಯಲ್ಲಿ ಒಂದು ಪುಸ್ತಿಕೆ ಕೊಡ್ತಾರೆ, ದಾರಿಯುದ್ದಕ್ಕೂ ಮುದ್ರೆ ಒತ್ತಿಸ್ಕೊಂಡು ಹೋಗಬೇಕು. ನಮ್ಮ ಪ್ರೋಗ್ರೆಸ್ ಕಾರ್ಡ್ ತರ, ಫೇಲ್ ಮಾಡೋರು ಮಾತ್ರ ಯಾರೂ ಇಲ್ಲ.

ದಾರಿ ತಪ್ಪೋ ಭಯವೂ ಇಲ್ಲ. ಕಲ್ಲಿನ ಮೇಲೆ, ಮರದ ಮೇಲೆ, ಗೋಡೆ ಮೇಲೆ ಹಳದಿ ಬಾಣ. ಓ ಸೆಬ್ರೇರೊ ಅನ್ನೋ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ 1984ರಲ್ಲಿ ಬಣ್ಣದ ಡಬ್ಬಿ ಹಿಡ್ಕೊಂಡು ಹೊರಟು ಬಾಣ ಬರೆದರಂತೆ. ಆಗ ಆ ದಾರೀಲಿ ನಡೆಯೋರೇ ಕಡಿಮೆ. ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ.

ನಿಮಗೆ ಹೇಳಬೇಕಾದದ್ದು ದಾರಿ ಬಗ್ಗೆ ಅಲ್ಲ, ರಾತ್ರಿ ಬಗ್ಗೆ. ಯಾತ್ರಿಗಳು ಉಳಿಯೋ ಜಾಗಕ್ಕೆ ಆಲ್ಬೆರ್ಗೆ ಅಂತಾರೆ. ಒಳಗೆ ಹೋಗ್ತೀನಿ, ಸಾಲಾಗಿ ಕಬ್ಬಿಣದ ಎರಡಂತಸ್ತಿನ ಮಂಚ! ಬೂಟು ಹೊರಗಿನ ಕಪಾಟಲ್ಲಿ ಬಿಡಬೇಕು. ಹತ್ತು ಗಂಟೆಗೆ ಬಾಗಿಲು ಹಾಕಿ ದೀಪ ಆರಿಸ್ತಾರೆ. ಬೆಳಗ್ಗೆ ಎಂಟರೊಳಗೆ ಎಲ್ಲರೂ ಖಾಲಿ ಮಾಡಬೇಕು. ಇನ್ನೂ ಒಂದು ರಾತ್ರಿ ಇರ್ತೀನಿ ಅಂದರೆ, ಹುಷಾರಿಲ್ಲದಿದ್ದರೆ ಸರಿ, ಇಲ್ಲಾಂದ್ರೆ ನಡಿ. ನನಗೆ ನಗು ತಡೆಯೋಕೆ ಆಗ್ಲಿಲ್ಲ. ಇಷ್ಟು ವರ್ಷ ದುಡಿದು, ಇಷ್ಟು ದೂರ ವಿಮಾನದಲ್ಲಿ ಹೋಗಿ, ಮತ್ತೆ ಹಾಸ್ಟೆಲ್!

ಮೊದಲನೇ ರಾತ್ರಿ ಮೇಲಿನ ಮಂಚ ಬಂತು. ನನ್ನ ಎತ್ತರಕ್ಕೆ ಕಾಲು ಹೊರಗೆ ಚಾಚ್ಕೊಂಡಿತ್ತು. ರಾತ್ರಿ ಎರಡು ಸಲ ಏಳೋ ವಯಸ್ಸಲ್ಲಿ ಏಣಿ ಇಳಿಯೋದು ಒಂದು ಸರ್ಕಸ್. ಕೆಳಗೆ ಮಲಗಿದ್ದ ಯಾವುದೋ ದೇಶದ ಅಜ್ಜಿ ಬೆಳಗ್ಗೆ ನನ್ನ ಮುಖ ನೋಡಿ ಏನೂ ಹೇಳಲಿಲ್ಲ, ನನ್ನ ಚೀಲ ಎತ್ತಿ ತನ್ನ ಮಂಚದ ಮೇಲಿಟ್ಟು ಮುಂದಿನ ಊರಿಗೆ ಬೆರಳು ತೋರಿಸಿದರು. ಅವರು ಬೇಗ ನಡೀತಾರೆ, ಮುಂಚೆ ತಲುಪಿ ನನಗೂ ಒಂದು ಕೆಳಗಿನ ಮಂಚ ಕೇಳಿ ಹಿಡಿದಿದ್ದರು. ಒಂದು ಅಕ್ಷರ ಭಾಷೆ ಬರಲ್ಲ ಇಬ್ಬರಿಗೂ. ಗೊರಕೆ ಹೊಡೆಯೋರ ನಡುವೆ ಕೂಡಲೇ ನಿದ್ದೆ ಬಂದಿದ್ದು ಆ ಇಡೀ ಕೋಣೇಲಿ ನನಗೊಬ್ಬನಿಗೇ ಇರಬೇಕು. ತರಬೇತಿ!

ಎವರೆಸ್ಟ್‌ಗಿಂತ ಇದು ವಾಸಿ ಕಣೋ ಗಂಟೆ. ವೀಸಾ ವಿಷಯ ಮಾತ್ರ ನೋಡ್ಕೊಳ್ಳಿ: ಷೆಂಗೆನ್ ದೇಶಗಳಲ್ಲಿ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳಲ್ಲಿ, ಯಾವುದೇ 180 ದಿನದಲ್ಲಿ ಒಟ್ಟು 90 ದಿನ ಮಾತ್ರ. ವಾಪಸ್ ಬರೋ ದಿನದಿಂದ ಮುಂದೆ ಪಾಸ್‌ಪೋರ್ಟ್‌ಗೆ ಕನಿಷ್ಠ ಮೂರು ತಿಂಗಳು ಬಾಕಿ ಇರಬೇಕು.

ಲೈಬ್ರರಿ:
ಹಾಜರ್. ಲಂಬು, ಓದಿ ನಕ್ಕೆ. ಆದರೆ ಮಾನಿಟರ್ ಕೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ನಮ್ಮಲ್ಲಿ ಭಾನುವಾರ ಕಾಗದ ಬರೆಸ್ತಿದ್ದರು, ನೆನಪಿದೆಯಾ? "ನಾನು ಕ್ಷೇಮ. ಇಲ್ಲಿ ಎಲ್ಲ ಚೆನ್ನಾಗಿದೆ." ನನಗೆ ಜ್ವರ ಬಂದು ಮಲಗಿದ್ದ ವಾರವೂ ಅದನ್ನೇ ಬರೆದೆ. ಯಾರೂ ಹೆದರಿಸಿರಲಿಲ್ಲ. ಅಮ್ಮ ಅಷ್ಟು ದೂರದಲ್ಲಿ ಕೂತು ಏನು ಮಾಡ್ತಾಳೆ, ಸುಮ್ಮನೆ ಯಾಕೆ ಅವಳಿಗೆ ಸಂಕಟ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಹತ್ತು ವರ್ಷದ ಹುಡುಗಿ ಮಾಡಬೇಕಾದ ತೀರ್ಮಾನವಾ ಅದು? ನಮ್ಮವರು ತೀರಿಹೋದಾಗಲೂ ಬಂದವರಿಗೆಲ್ಲ ನಾನೇ ಸಮಾಧಾನ ಹೇಳ್ತಾ ಕೂತಿದ್ದೆ. ಮಗಳು ಆಮೇಲೆ ಕೇಳಿದಳು, "ಅಮ್ಮಾ, ನಿನಗೆ ಅಳೋಕೆ ಯಾರ ಪರ್ಮಿಷನ್ ಬೇಕು?" ಅಂತ.

ಬ್ರಿಟನ್ನಿನ ಮನೋಚಿಕಿತ್ಸಕಿ ಜಾಯ್ ಶಾವೇರಿಯನ್ 2011ರಲ್ಲಿ ಇದಕ್ಕೆ ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ತೀರಾ ಎಳೆಯ ವಯಸ್ಸಲ್ಲಿ ಮನೆ ಬಿಟ್ಟವರು ಮುಂದೆ ಹೊರಗೆ ಗಟ್ಟಿಯಾಗಿ, ಒಳಗೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ಬದುಕ್ತಾರೆ ಅನ್ನೋದು ಅವರು ಕಂಡದ್ದು. ಅದು ವೈದ್ಯರ ಪಟ್ಟಿಯಲ್ಲಿರೋ ಕಾಯಿಲೆ ಅಲ್ಲ, ಹಾಸ್ಟೆಲ್‌ನಲ್ಲಿ ಓದಿದವರೆಲ್ಲ ಹಾಗೆ ಅಂತಲೂ ಅಲ್ಲ. ಶಾಲೆ ನನಗೆ ಪುಸ್ತಕ ಕೊಟ್ಟಿತು, ನಿಮ್ಮನ್ನ ಕೊಟ್ಟಿತು, ಅದನ್ನ ಇಲ್ಲ ಅನ್ನಲ್ಲ. ಆದರೆ ಒಂಬತ್ತು ಬೇಡ ಮಾನಿಟರ್. ಇನ್ನು ಮೂರ್ನಾಲ್ಕು ವರ್ಷ ಹೋಗಲಿ. ಆಮೇಲೂ ಅವನೇ ಕೇಳಿದರೆ ಕಳಿಸಿ. ಬೇಡ ಅನ್ನಿಸಿದ ದಿನ ವಾಪಸ್ ಬರಬಹುದು ಅಂತ ಮೊದಲೇ ಹೇಳಿ ಕಳಿಸಿ.

ಗಂಟೆ:
ನಿನ್ನ ಹಾಗೆ ಎಲ್ಲರಿಗೂ ಆಗಲಿಲ್ಲ. ನಮ್ಮ ಮನೆಯ ಗಲಾಟೆಯಿಂದ ನಾನು ಬದುಕಿದ್ದೇ ಹಾಸ್ಟೆಲಿನಿಂದ. ಮನೆಗೆ ಹೋಗುವ ರಜೆ ಬಂದರೆ ನನಗೆ ಹೊಟ್ಟೆನೋವು ಬರ್ತಿತ್ತು, ಗೊತ್ತುಂಟಾ ನಿಮಗೆ?

ಲೈಬ್ರರಿ:
ಗೊತ್ತಿರಲಿಲ್ಲ ಕಣೋ. ಇಷ್ಟು ವರ್ಷದಲ್ಲಿ ನೀನು ಹೇಳೇ ಇಲ್ಲ.

ಎಂಜಿನ್ ರೂಮ್:
ಇಲ್ಲಿ ಎಲ್ಲಾರೂ ಭಾನುವಾರದ ಕಾಗದಾನ ಬರೀತೀವಿ ನೋಡ್ರಿ. ಪನಾಮಾ ಅಂತ, ಸ್ಪೇನ್ ಅಂತ. ನಾನೂ ಬರದೆ. ನಮ್ಮ ಸಣ್ಣ ಮಗಾ ನನ್ನ ಕೂಡ ಮಾತ ಬಿಟ್ಟು ಭಾಳ ದಿನಾ ಆತು, ಅದನ್ನ ಬರೀಲಿಲ್ಲ. ಅವಾ ಬೆಳೆಯೋವಾಗ ನಾ ಹಡಗಿನ್ಯಾಗ. "ನಿಮ್ಮ ಪರಿಚಯಾನ ಇಲ್ಲ ನನಗ" ಅಂತಾನ. ಸುಳ್ಳಲ್ಲ.

ಕೊನೇ ಬೆಂಚು:
ಹಾಜರ್. ನಿಮ್ಮದೆಲ್ಲ ಓದ್ತಾನೇ ಇದ್ದೆ, ಬರೆಯೋಕೆ ಏನಿದೆ ಅಂತ ಸುಮ್ಮನಿದ್ದೆ. ಈಗ ಬರೀತೀನಿ.

ನಾನು ವರ್ಕ್‌ಶಾಪ್ ಮುಚ್ಚಿದ್ದು ರಿಟೈರ್ ಆಗಬೇಕು ಅಂತಲ್ಲ. ಜಡೆಗೆ ಆಲ್‌ಝೈಮರ್. ನಮ್ಮ ಕ್ಲಾಸಿನ ಎರಡು ಜಡೆಯೇ ಕಣ್ರೋ, ನನ್ನ ಹೆಂಡ್ತಿ. ಮೊದಲು ಒಲೆ ಆರಿಸೋದು ಮರೀತಿದ್ದಳು, ಆಮೇಲೆ ದಾರಿ, ಈಗ ಕೆಲವು ದಿನ ನಾನು ಯಾರು ಅಂತ. ಮಗ ಬಂದರೆ ಯಾರೋ ಮಾಸ್ತರು ಅಂದ್ಕೊಂಡು ಎದ್ದು ನಿಲ್ತಾಳೆ. ಪಾಪ, ಅವನು ಬಾಗಿಲ ಹಿಂದೆ ಹೋಗಿ ಅಳ್ತಾನೆ.

ವಿಚಿತ್ರ ಏನು ಅಂದರೆ ಶಾಲೆ ಮಾತ್ರ ಉಳ್ಕೊಂಡಿದೆ. ನಿಮ್ಮೆಲ್ಲರ ಹೆಸರು ಹಾಜರಿ ಪುಸ್ತಕದ ಕ್ರಮದಲ್ಲೇ ಹೇಳ್ತಾಳೆ, ಒಂದು ಹೆಸರೂ ಬಿಡಲ್ಲ. ಸಂಜೆ ಆದರೆ ಚೀಲ ತಗೊಂಡು ಬಾಗಿಲಿಗೆ ಬರ್ತಾಳೆ, ಗೇಟ್ ಹಾಕೋದ್ರೊಳಗೆ ಹಾಸ್ಟೆಲಿಗೆ ಹೋಗಬೇಕು ಅಂತ. ಇದೇ ನಿನ್ನ ಮನೆ ಅಂದರೆ ಜಗಳ. ನಾನು ಎಲ್ಲಿಗೂ ಹೋಗೋ ಹಾಗಿಲ್ಲ, ಅಂಗಡಿಗೂ ಅಷ್ಟೆ. ನಿಮ್ಮ ಪ್ರವಾಸಕ್ಕೆ ನನ್ನನ್ನ ಲೆಕ್ಕಕ್ಕೆ ತಗೋಬೇಡಿ.

ಪುಟ್ಟಿ:
ಎಷ್ಟು ದಿನದಿಂದ ಒಬ್ಬನೇ ಇಟ್ಕೊಂಡಿದ್ದೀಯ ಇದನ್ನ? ಬೈಯಲ್ಲ, ಹೇಳು.

ಅದು ವಿಚಿತ್ರ ಅಲ್ಲ ಕಣೋ, ಆ ಕಾಯಿಲೆ ನಡೆಯೋದೇ ಹಾಗೆ. ಹೊಸ ನೆನಪನ್ನ ಕೂರಿಸೋ ಮೆದುಳಿನ ಭಾಗ ಮೊದಲು ಕೆಡುತ್ತೆ. ನಿನ್ನೆಯದು ಹೋಗುತ್ತೆ, ಬಾಲ್ಯದ್ದು ತುಂಬ ದಿನ ನಿಲ್ಲುತ್ತೆ. ಎಲ್ಲರಿಗೂ ಹತ್ತರಿಂದ ಮೂವತ್ತರವರೆಗಿನ ನೆನಪು ಬೇರೆ ವಯಸ್ಸಿಗಿಂತ ದಟ್ಟ. ಸಂಜೆ ಹೊತ್ತಿನ ಗಾಬರಿಯೂ ಈ ಕಾಯಿಲೆಯಲ್ಲಿ ಸಾಮಾನ್ಯ. ಇದು ನಿನ್ನ ಮನೆ ಅಂತ ವಾದ ಮಾಡಬೇಡ. "ಗೇಟ್ ಹಾಕೋಕೆ ಇನ್ನೂ ಹೊತ್ತಿದೆ, ಒಂದು ಸುತ್ತು ನಡೆದು ಬರೋಣ" ಅಂತ ಕೈ ಹಿಡ್ಕೊಂಡು ಹೋಗು. ಕತ್ತಲಾಗೋ ಮುಂಚೆಯೇ ಮನೆ ದೀಪ ಎಲ್ಲ ಹಾಕಿಬಿಡು, ನೆರಳು ನೋಡಿದರೆ ಅವರಿಗೆ ಹೆದರಿಕೆ ಹೆಚ್ಚು. ಬಾಗಿಲಿಗೆ ಅವಳ ಕಣ್ಣಿಗೆ ಬೀಳದ ಜಾಗದಲ್ಲಿ ಚಿಲಕ ಹಾಕಿಸು, ನೀನು ಮನೇಲಿ ಇರುವಾಗ ಮಾತ್ರ. ಒಳಗೆ ಅವಳೊಬ್ಬಳನ್ನೇ ಬಿಟ್ಟು ಬೀಗ ಹಾಕಿ ಹೋಗಬೇಡ. ಮತ್ತೆ ನಿನ್ನ ಬಿಪಿ ನೋಡಿಸಿ ಎಷ್ಟು ದಿನ ಆಯ್ತು?

ಲೈಬ್ರರಿ:
ನಾವೆಲ್ಲ ಅವಳಿಗೆ ನೆನಪಿದ್ದೀವಿ ಅಂದರೆ ಪ್ರವಾಸ ಎಲ್ಲಿಗೆ ಅನ್ನೋ ಚರ್ಚೆ ಮುಗೀತಲ್ಲ. ನಾನು ಬರ್ತೀನಿ. ನನಗೆ ಮನೇಲಿ ಕಾಯೋರು ಯಾರೂ ಇಲ್ಲ, ಒಂದು ವಾರ ಇರ್ತೀನಿ. ನೀನು ಆ ವಾರ ಎಲ್ಲಾದರೂ ಹೋಗಿ ನಿದ್ದೆ ಮಾಡು.

ಲಂಬು:
ನಾನೂ ಬರ್ತೀನಿ. ನಡೆಯೋದು ಈಗ ನನ್ನ ಡಿಪಾರ್ಟ್‌ಮೆಂಟ್, ಸಂಜೆ ಸುತ್ತು ನನಗೆ ಬಿಡು.

ಕೊನೇ ಬೆಂಚು:
ಬೇಡ ಕಣ್ರೋ, ನಿಮಗ್ಯಾಕೆ ತೊಂದರೆ. ನಾನು ಹೇಗೋ ನೋಡ್ಕೋತೀನಿ.

ಲೈಬ್ರರಿ:
"ನಾನು ಕ್ಷೇಮ, ಇಲ್ಲಿ ಎಲ್ಲ ಚೆನ್ನಾಗಿದೆ." ಸಾಕು ನಿಲ್ಲಿಸು.

ಮಾನಿಟರ್:
ಪಾಳಿ ಹಾಕಿದ್ದೀನಿ, ನನಗೆ ಬರೋದು ಇದೊಂದೇ ಕೆಲಸ. ಮೊದಲ ವಾರ ಲೈಬ್ರರಿ, ಆಮೇಲೆ ಲಂಬು, ನಂತರ ನಾನು. ಗಂಟೆ, ಕೋರ್ಟ್ ರಜೆಯ ತಾರೀಕು ಹೇಳು. ಎಂಜಿನ್ ರೂಮ್, ನೀನು ಬರೋ ಮುಂಚೆ ಸಣ್ಣ ಮಗನ ಊರಿಗೆ ಒಮ್ಮೆ ಹೋಗಿ ಬಾ. ಬಾಗಿಲು ತೆಗೆಯದಿದ್ದರೂ ಪರವಾಗಿಲ್ಲ, ಹೋಗು. ಪುಟ್ಟಿ ಫೋನಿನಲ್ಲೇ ಎಲ್ಲರನ್ನೂ ಗದರಿಸ್ತಾಳೆ. ಮಗಳಿಗೆ ಬೇಡ ಅಂತ ಹೇಳಿದೆ, ಇನ್ನು ಮೂರು ವರ್ಷ ಆದ ಮೇಲೆ ಅವನನ್ನೇ ಕೇಳೋಣ ಅಂತ. ಅವಳಿಗೆ ಸ್ವಲ್ಪ ಬೇಜಾರು, ಹುಡುಗ ಮಾತ್ರ ಕುಣೀತಿದ್ದಾನೆ.

ಎಂಜಿನ್ ರೂಮ್:
ಹೋಗತೀನಿ. ಏನಾತು ಅಂತ ಬರೀತೀನಿ. ಖರೇದ್ದ ಬರೀತೀನಿ.

ಕೊನೇ ಬೆಂಚು:
ಸರಿ, ಬನ್ನಿ. ಆದರೆ ಕೆಲವು ಮಾತು ಕೇಳಿಸ್ಕೊಳ್ಳಿ. ಬೆಳಗ್ಗೆ ಹೊತ್ತಲ್ಲೇ ಬನ್ನಿ, ಆಗ ಅವಳು ಚೆನ್ನಾಗಿರ್ತಾಳೆ. ಗುಂಪಾಗಿ ನುಗ್ಗಬೇಡಿ, ಒಬ್ಬೊಬ್ಬರೇ. "ನಾನ್ಯಾರು ಹೇಳು ನೋಡೋಣ" ಅಂತ ಯಾರೂ ಪರೀಕ್ಷೆ ಮಾಡಬಾರದು, ನೀವೇ ಹೆಸರು ಹೇಳಿ ಪಕ್ಕದಲ್ಲಿ ಕೂತ್ಕೊಳ್ಳಿ. ನಮ್ಮೆಲ್ಲರ ತಲೆ ನೆರೆತಿರೋದು ಅವಳಿಗೆ ಗೊತ್ತಿಲ್ಲ, ಹಾಗಾಗಿ ಮುಖ ನೋಡಿ ಗುರುತು ಸಿಗಲ್ಲ, ದನಿ ಕೇಳಿದರೆ ಸಿಗಬಹುದು. ಹಳೇ ಕ್ಲಾಸ್ ಫೋಟೋ ಯಾರ ಹತ್ರ ಇದೆಯೋ ಅವರು ದೊಡ್ಡದು ಮಾಡಿಸ್ಕೊಂಡು ತನ್ನಿ. ಲಂಬು, ಗಣಿತದ ನೋಟ್ಸ್ ನೀನು ವಾಪಸ್ ಕೊಟ್ಟಿಲ್ಲ ಅಂತ ಅವಳು ಮೊನ್ನೆಯೂ ಹೇಳಿದಳು. ಬರುವಾಗ ಒಂದು ನೋಟ್‌ಬುಕ್ ತಗೊಂಡು ಬಾ, ಯಾವುದಾದರೂ ಪರವಾಗಿಲ್ಲ.